ಹರಳೆಣ್ಣೆ ಕುಡಿದ ದೋಣಿ

ಪುಟ್ಟತಾಯಮ್ಮನಿಗೆ ಸೊಸೆಯನ್ನು ಎದುರಿಗೆ ಹೊಗಳುವ ಅಭ್ಯಾಸವಿರಲಿಲ್ಲ. ಬೆನ್ನ ಹಿಂದೆ ಹೊಗಳುತ್ತಿದ್ದಳು, ಅದೂ ಬೈದ ಹಾಗೆ. "ಉಡದ ಪಟ್ಟು ಕಣವ್ವ ಅವಳ್ದು. ಇಡುದ್ರೆ ಬುಡಾಕಿಲ್ಲ."

ಆ ವರ್ಷ ಪ್ರಮೀಳಾ ಹಿಡಿದದ್ದು ಒಂದು ದೋಣಿಯನ್ನು. ಎಂದೋ ಸಿನಿಮಾ ಶೂಟಿಂಗಿಗೆ ಬಂದವರು ಬಂಡೆಗೆ ಗುದ್ದಿಸಿ, ಹಿನ್ನೀರಿನ ದಂಡೆಯಲ್ಲೇ ಬಿಟ್ಟುಹೋಗಿದ್ದ ಫೈಬರ್ ಮೋಟಾರ್ ದೋಣಿ. ಬೋರಲು ಬಿದ್ದಿದ್ದ ಅದರ ನೆರಳಿನಲ್ಲಿ ಊರಿನ ಆಡುಗಳು ಮಲಗುತ್ತಿದ್ದವು. ತಳದಲ್ಲಿ ಮೊಳದುದ್ದದ ಸೀಳು.

ದೋಣಿ ಬೇಕಾಗಿದ್ದುದು ಹಾಲಿಗೆ. ಕನ್ನಂಬಾಡಿ ಕಟ್ಟೆ ತುಂಬಿದರೆ ಊರಿನ ರಸ್ತೆ ನೀರಿನಡಿ ಹೋಗುತ್ತಿತ್ತು, ಹಾಲಿನ ವ್ಯಾನು ಆಚೆ ದಡದಲ್ಲೇ ನಿಲ್ಲುತ್ತಿತ್ತು. ಕ್ಯಾನು ಹೊತ್ತು ಸುತ್ತಿ ಬಳಸಿ ಹೋಗುವಷ್ಟರಲ್ಲಿ ಹಾಲು ಹುಳಿಯಾಗಿರುತ್ತಿತ್ತು. ಈ ಸಲವೂ ಹಾಗೇ ಆದರೆ ಊರಿನ ಡೈರಿ ಮುಚ್ಚುವುದೇ ಸೈ ಎಂದು ಮೇಲಿನವರು ಹೇಳಿ ಹೋಗಿದ್ದರು. ಮುಚ್ಚಿದರೆ ಹಸುಗಳೆಲ್ಲ ಕೆ.ಆರ್. ಪೇಟೆ ಸಂತೆಯ ದಾರಿ ಹಿಡಿಯುತ್ತವೆ. ಡೈರಿಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಪ್ರಮೀಳಾಳೇ.

ತವರಿಗೆಂದು ಹೊರಟವಳು ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಲಾರಿಗಳ ಫೈಬರ್ ಬಂಪರಿಗೆ ತೇಪೆ ಹಾಕುವ ಮಹದೇವಸ್ವಾಮಿಯ ಅಂಗಡಿ ಮುಂದೆ ಸಂಜೆಯವರೆಗೂ ನಿಂತು ನೋಡಿಕೊಂಡು ಬಂದಳು. ಬರುವಾಗ ಗಾಜಿನ ನಾರಿನ ಬಟ್ಟೆ, ಜೇನುತುಪ್ಪದಂಥ ರೆಸಿನ್ನು, ಅದನ್ನು ಗಟ್ಟಿ ಮಾಡುವ ಹನಿ ಔಷಧಿ ಎಲ್ಲ ತಂದಳು. ಗಂಡ ಚಲುವರಾಜು ಪಂಪ್‌ಸೆಟ್ ಬಿಚ್ಚಿ ಕಟ್ಟುವವನು, ಮೋಟಾರು ಅವನ ಪಾಲಿಗೆ ಬಂತು.

ಮೊದಲ ದಿನ ಔಷಧಿ ಜಾಸ್ತಿ ಬಿದ್ದು, ಬಕೆಟ್ಟಿನೊಳಗೇ ರೆಸಿನ್ನು ಹೊಗೆಯಾಡಿ, ಬ್ರಷ್ಷಿನ ಸಮೇತ ಕಲ್ಲಾಯಿತು. ಒಲೆಯಿಲ್ಲದೆ ಹೊಗೆ ಎದ್ದಿದ್ದು ನೋಡಿ ಪುಟ್ಟತಾಯಮ್ಮ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಳು. ಪ್ರಮೀಳಾ ಬಕೆಟ್ಟನ್ನು ಅತ್ತ ಎಸೆದು, "ಅನಿ ಜಾಸ್ತಿ ಆಯ್ತು ಕಣತ್ತೆ" ಎಂದಳು, ಸಾರಿಗೆ ಉಪ್ಪು ಜಾಸ್ತಿ ಆಯಿತು ಎನ್ನುವ ಹಾಗೆ. ಮಾರನೆಯ ದಿನ ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ ನೋಡಿದಳು. ಎಂಥ ಗಂಡೆದೆ ಇವಳದು ಎಂದುಕೊಂಡಳು ಮುದುಕಿ.

ಎಡವಟ್ಟು ಆದದ್ದು ಮುದುಕಿಯಿಂದ. ಸೀಳಿನ ಸುತ್ತ ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ, ಪ್ರಮೀಳಾ ಹಾಲು ಕರೆಯಲು ಹೋಗಿದ್ದಳು. ಬಿಳುಚಿಕೊಂಡ ಆ ತಳವನ್ನು ಕಂಡು ಪುಟ್ಟತಾಯಮ್ಮನಿಗೆ ಕರುಳು ಚುರುಕ್ಕೆಂದಿತು. ಒಡೆದ ಹಿಮ್ಮಡಿಗೆ, ನೊಗ ಉಜ್ಜಿದ ಎತ್ತಿನ ಹೆಗಲಿಗೆ, ಗಾಡಿಯ ಅಚ್ಚಿಗೆ, ಎಲ್ಲಕ್ಕೂ ಅವಳು ಕಂಡ ಮದ್ದು ಒಂದೇ. ಹರಳೆಣ್ಣೆ ತಂದು ಸೀಳಿಗೆ ಕೈತುಂಬ ನೀವಿದಳು.

ಇದೊಂದೂ ಗೊತ್ತಿಲ್ಲದ ಪ್ರಮೀಳಾ ಸಂಜೆ ಅದರ ಮೇಲೇ ಬಟ್ಟೆ ಹಾಸಿ, ರೆಸಿನ್ನು ಬಳಿದು, ಪದರದ ಮೇಲೆ ಪದರ ಕೂರಿಸಿದಳು. ಬೆಳಿಗ್ಗೆ ಅಂಚು ಹಿಡಿದು ನೋಡಿದರೆ, ಕಾವಲಿಯಿಂದ ದೋಸೆ ಎದ್ದ ಹಾಗೆ ತೇಪೆ ಇಡಿಯಾಗಿ ಕೈಗೆ ಬಂತು. ನೀರು ಆಗಲೇ ದಂಡೆ ಏರಿ ಆಡು ಕಟ್ಟುವ ಗೂಟದ ಹತ್ತಿರ ಬಂದಿತ್ತು. ಪ್ರಮೀಳಾ ತೇಪೆಯನ್ನು ಮೂಸಿದಳು.

"ನಾನೇ ಕಣವ್ವ ಅಚ್ಚಿದ್ದು," ಎಂದಳು ಪುಟ್ಟತಾಯಮ್ಮ. "ಒಣಗಿ ಸೀಳ್ಕಂಡದೆ, ಒಸಿ ಕುಡ್ಕೊಳ್ಳಲಿ ಅಂತ."

ಸೊಸೆಯ ಕಣ್ಣು ತುಂಬಿ ಬಂತು. ಈಗ ಬೈಯುತ್ತಾಳೆ, ಬೈಯಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ ಎಂದು ಮುದುಕಿ ಕಾದಳು. ಪ್ರಮೀಳಾ ಮೂಗೊರೆಸಿಕೊಂಡು ಕೇಳಿದಳು, "ಎಣ್ಣೆ ಓಗಾಕೆ ಏನ್ ಮಾಡಾದು ಅತ್ತೆ? ಇನ್ನೊಂದ್ಸಲ ಆಕೋಕೆ ಬಟ್ಟೆ ಅದೆ. ನೀರೇ ಕಾಯಾಕಿಲ್ಲ."

ಆ ಮಾತಿಗೆ ಪುಟ್ಟತಾಯಮ್ಮನಿಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಇನ್ನೊಬ್ಬಳಾಗಿದ್ದರೆ ಊರು ಒಂದು ಮಾಡುತ್ತಿದ್ದಳು. "ಎಣ್ಣೆ ಅಚ್ಚಿದೋಳೇ ತಲೆ ಉಜ್ಜಬೇಕು, ಸರ್ಕೋ ಅತ್ಲಾಗೆ" ಎಂದು ಸೀಗೆಪುಡಿ ಕಲಸಿ ತಂದಳು. ಸೀಗೆಯಾದ ಮೇಲೆ ಸೋಡಾಪುಡಿ, ಬಿಸಿನೀರು. ತೊಳೆದು ಚೆಂಬು ನೀರು ಹೊಯ್ದರೆ ಹನಿ ಮುತ್ತುಗಟ್ಟಿ ಉರುಳುತ್ತಿತ್ತು, ಅಂದರೆ ಎಣ್ಣೆ ಇನ್ನೂ ಇದೆ. ಮತ್ತೆ ಉಜ್ಜಿದಳು. ಕೊನೆಗೊಮ್ಮೆ ನೀರು ಉರುಳದೆ ತೆಳ್ಳಗೆ ಹರಡಿ ನಿಂತಾಗ, ಮುದುಕಿ ಸೊಂಟ ಹಿಡಿದು ಕೂತೇ ಬಿಟ್ಟಳು. ದೋಣಿ ಒಣಗಿದ ಮೇಲೆ ಪ್ರಮೀಳಾ ಮತ್ತೆ ಉಪ್ಪುಕಾಗದ ಹಿಡಿದು, ಮತ್ತೆ ಬಟ್ಟೆ ಹಾಸಿದಳು. ಈ ಸಲ ಚಲುವರಾಜು ಕುಡುಗೋಲಿನ ತುದಿ ತೂರಿಸಲು ನೋಡಿದರೂ ತೇಪೆ ಜಪ್ಪಯ್ಯ ಅನ್ನಲಿಲ್ಲ.

ರಸ್ತೆ ಮುಳುಗಿದ ಬೆಳಿಗ್ಗೆ ದೋಣಿ ತೇಲಿತು, ಮೋಟಾರು ಕೆಮ್ಮಿ ಕೆಮ್ಮಿ ಉಸಿರು ಹಿಡಿಯಿತು. ಆದರೆ ಎಣ್ಣೆಯ ಸುದ್ದಿ ಊರಿಗೆಲ್ಲ ಹರಡಿತ್ತು, ಹಾಲು ತಂದ ಹೆಂಗಸರು ಕ್ಯಾನು ಕೊಡಲೊಲ್ಲರು. "ಎಣ್ಣೆ ಕುಡ್ದಿರೋ ಜಾಗ ಕಣಕ್ಕ. ನಡುನೀರಲ್ಲಿ ಬುಟ್ಕಂಡ್ರೆ ಆಲೂ ಓಯ್ತು, ಪ್ರಮೀಳನೂ ಓದ್ಲು" ಎಂದಳು ಚಿಕ್ಕಬೋರಮ್ಮ. ಎಲ್ಲರೂ ತಲೆಯಾಡಿಸಿದರು. ಪ್ರಮೀಳಾಳ ಮುಖ ಸಣ್ಣಗಾಯಿತು.

ಹುಟ್ಟಿದ ಮೇಲೆ ಮೊಣಕಾಲಿಗಿಂತ ಆಳದ ನೀರಿಗಿಳಿಯದ ಪುಟ್ಟತಾಯಮ್ಮ ಸೆರಗು ಸಿಕ್ಕಿಸಿದಳು. ದೋಣಿಯೊಳಗೆ ಕಾಲಿಟ್ಟು, ತೇಪೆಯ ಮೇಲೇ ಚಕ್ಕಂಬಕ್ಕಲ ಹಾಕಿ ಕೂತಳು. "ನೀರು ಬಂದ್ರೆ ಮೊದ್ಲು ನನ್ನ ಸೀರೆ ನೆನೀಲಿ. ಕೊಡ್ರವ್ವ ಕ್ಯಾನ."

ಅರ್ಧ ಜನ ಕೊಟ್ಟರು, ಅರ್ಧ ಜನ ಕೊಡಲಿಲ್ಲ. ದಾರಿಯುದ್ದಕ್ಕೂ ಮುದುಕಿ ಕಣ್ಣುಮುಚ್ಚಿ ದೇವರ ಹೆಸರು ಹೇಳುತ್ತ ಅಂಗೈಯಿಂದ ತಳ ಸವರಿದಳು. ಒಣಗಿತ್ತು. ಆಚೆ ದಡದಲ್ಲಿ ವ್ಯಾನಿನವನು ಹಾಲು ಪರೀಕ್ಷೆ ಮಾಡಿ, ಸರಿಯಿದೆಯೆಂದು ಸುರಿದುಕೊಂಡ. ವಾಪಸ್ ಬಂದು ಇಳಿದವಳೇ ಪುಟ್ಟತಾಯಮ್ಮ ಹೆಂಗಸರಿಗೆ ಬೆನ್ನು ತಿರುಗಿಸಿ, ಸೀರೆಯ ಹಿಂಭಾಗ ಝಾಡಿಸಿ ತೋರಿಸಿದಳು.

ಮಾರನೆಯ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ದೋಣಿಯ ತುಂಬ ಕ್ಯಾನು, ತೇಪೆಯ ಮೇಲೂ ಕ್ಯಾನು.

"ಜಾಗ ಇಲ್ಲ ಕಣತ್ತೆ" ಎಂದಳು ಪ್ರಮೀಳಾ.

"ನೋಡ್ರವ್ವ," ಎಂದು ಪುಟ್ಟತಾಯಮ್ಮ ದಂಡೆಯಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದಳು, "ನಂಗೇ ಜಾಗ ಇಲ್ವಂತೆ!"