ಭೂಮಿಕಾಳ ಮದ್ದಿಗೆ ಕಾದ ಗಾದೆಮ್ಮ

ಗಾದೆಮ್ಮನ ಅಡಿಗೆಯಲ್ಲಿ ಖಾರ ಕಡಿಮೆಯಾಗಿ ಬಹಳ ದಿನವಾಗಿತ್ತು. ಮೊದಲು ಕೆಂಪು ಚಟ್ನಿ ಹೋಯಿತು. ಆಮೇಲೆ ಸಾರಿನ ಮೆಣಸಿನಕಾಯಿ ಹೋಯಿತು. ಈಗ ಜೋಳದ ರೊಟ್ಟಿಯನ್ನೂ ಮಜ್ಜಿಗೆಯಲ್ಲಿ ನೆನೆಸಿ, ಬಲಗಡೆಗೆ ಸರಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ಗಂಡ ಓಬಳೇಶಪ್ಪ ಸಪ್ಪೆ ಸಾರು ಉಂಡು ಉಂಡು ರೋಸಿಹೋಗಿದ್ದ.

"ಏನಲೇ ಇದು? ಕುರಿ ಮುಂದ ಇಟ್ರೂ ಮೂಸಂಗಿಲ್ಲ ಈ ಸಾರು."

"ಬಾಯಾಗ ಉಷ್ಣ ಆಗೈತಿ. ಸುಮ್ನ ಉಣ್ರಿ."

ಉಷ್ಣ ಎಂದರೆ ನಮ್ಮ ಕಡೆ ಎಲ್ಲ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ. ಗಾದೆಮ್ಮನೂ ಅದನ್ನೇ ಹೇಳಿಕೊಂಡು ದಿನ ದೂಡುತ್ತಿದ್ದಳು. ಬಾಯೊಳಗೆ ಹುಣ್ಣು ಎದ್ದ ಜಾಗ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ತಂಬಾಕಿನ ಕಡ್ಡಿಪುಡಿಗೆ ಸುಣ್ಣ ತಿಕ್ಕಿ ಅವಳು ಒತ್ತಿಡುತ್ತಿದ್ದದ್ದು ಎಡಗೆನ್ನೆಯ ಅದೇ ಜಾಗದಲ್ಲಿ. ಕಳೆ ತೆಗೆಯಲು ಹೋಗುವ ಹೆಂಗಸರಿಗೆ ಅದೊಂದು ಆಸರೆ. ಬಾಯಲ್ಲಿ ಪುಡಿ ಇದ್ದರೆ ಹಸಿವು ಗೊತ್ತಾಗುವುದಿಲ್ಲ, ಸೊಂಟನೋವು ಗೊತ್ತಾಗುವುದಿಲ್ಲ. ಇದನ್ನು ಚಟ ಎಂದು ಯಾರೂ ಕರೆಯುವುದಿಲ್ಲ, ಬೀಗರು ಬಂದರೂ ಎಲೆ ಅಡಿಕೆ ಚೀಲ ಮುಂದಿಡುವುದೇ ಮರ್ಯಾದೆ.

ಮೊದಲು ಅಲ್ಲಿ ಗಂಜಿ ಒಣಗಿದಂಥ ಬಿಳಿ ಕಲೆ ಬಂದಿತ್ತು. ಅದು ನೋಯಲಿಲ್ಲ. ನೋಯದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ? ಆಮೇಲೆ ಕೆಂಪಾಯಿತು, ಹುಣ್ಣಾಯಿತು, ಬಾಯಿ ಮುಕ್ಕಳಿಸಿದರೆ ನೀರಿನಲ್ಲಿ ರಕ್ತದ ಎಳೆ ಕಾಣತೊಡಗಿತು.

ಇದನ್ನು ಮೊದಲು ಗುರುತಿಸಿದವಳು ಓಣಿಯ ಆಶಾ ಕಾರ್ಯಕರ್ತೆ ಗೀತಮ್ಮ. ಯಾರದೋ ಕೂಸಿನ ಲಸಿಕೆಗೆಂದು ಬಂದವಳು ಗಾದೆಮ್ಮ ಒಂದೇ ಮಗ್ಗುಲಲ್ಲಿ ಮಾತಾಡುವುದನ್ನು ಕಂಡು, ಬಿಸಿಲಿಗೆ ಕರೆದು ಬಾಯಿ ತೆರೆಸಿ ನೋಡಿದಳು.

"ಗಾದಕ್ಕ, ಇದು ಉಷ್ಣ ಅಲ್ಲ. ಎರಡು ವಾರ ದಾಟಿದ್ರೂ ಮಾಯದ ಹುಣ್ಣು ಡಾಕ್ಟರಿಗೆ ತೋರಿಸ್ಬೇಕು. ನಾಳೆ ನನ್ ಜೊತಿ ಕೊಟ್ಟೂರಿಗೆ ಬಾ."

"ಅಲ್ಲೇನ್ ಮಾಡ್ತಾರ?"

"ನೋಡಿ ದೊಡ್ಡಾಸ್ಪತ್ರಿಗೆ ಕಳಿಸ್ತಾರ. ಅಲ್ಲಿ ಚೂರು ಮಾಂಸ ತಗದು ಪರೀಕ್ಷಿ ಮಾಡ್ತಾರ."

ಕಟ್ಟೆಯ ಮೇಲೆ ಕೂತಿದ್ದ ಓಬಳೇಶಪ್ಪ ಎದ್ದೇ ಬಿಟ್ಟ. "ಚಾಕು ಮುಟ್ಟಿಸಿದ್ರ ಮೈತುಂಬ ಹರಡ್ತೈತಿ ಗೀತಮ್ಮ. ನಮ್ಮಣ್ಣಗ ಆಗಿದ್ದು ಇಡೀ ಊರು ನೋಡೈತಿ. ಅದೂ ಅಲ್ದ, ನಮ್ಮ ಭೂಮಿಕಾ ಅದಾಳ. ಆಕಿ ಮದ್ದು ತರ್ತಾಳ."

ಆ ಕಥೆ ಇಲ್ಲಿ ಹೇಳಲೇಬೇಕು. ಓಬಳೇಶಪ್ಪನ ಅಣ್ಣ ಹನುಮಣ್ಣ. ಅವನಿಗೂ ಬಾಯಲ್ಲಿ ಇಂಥದೇ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಕುರಿಗೆ ಗಂಟು ಬಂದರೆ ಕಾದ ಕಬ್ಬಿಣದಿಂದ ಬರೆ ಎಳೆಯುವುದು ಇವರ ಮನೆತನದ ರೂಢಿ. ಹನುಮಣ್ಣನ ಕುತ್ತಿಗೆಗೂ ಬರೆ ಎಳೆದರು. ಎಳೆದವನು ಓಬಳೇಶಪ್ಪನೇ. ಗಂಟು ಕರಗಲಿಲ್ಲ, ಮಾತು ನಿಂತಿತು. ಕೊನೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಗಂಟು ಕೊಯ್ದು ಕೈಲಾದದ್ದು ಮಾಡಿದರು, ಹನುಮಣ್ಣ ಉಳಿಯಲಿಲ್ಲ. ಊರು ಚಾಕುವಿನ ಮೇಲೆ ತಪ್ಪು ಹೊರಿಸಿತು. ತಡ ಮಾಡಿದ್ದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಹನುಮಣ್ಣನ ಮಗಳೇ ಭೂಮಿಕಾ. ತಾಯಿಯೂ ಇಲ್ಲದ ಹುಡುಗಿಯನ್ನು ಬೆಳೆಸಿದವಳು ಗಾದೆಮ್ಮ. ಕೊಟ್ಟೂರಿನಲ್ಲಿ ಓದಿ, ಧಾರವಾಡದಲ್ಲಿ ಓದಿ, ಬೆಂಗಳೂರಿನ ಒಂದು ಪ್ರಯೋಗಶಾಲೆ ಸೇರಿದಳು. ಅಪ್ಪನ ಕೆನ್ನೆಯಲ್ಲಿ ಬೆಳೆದದ್ದು ಯಾಕೆ ಸಾಯಲಿಲ್ಲ, ಮೈಯೊಳಗಿನ ಶಕ್ತಿ ಅದನ್ನು ಯಾಕೆ ಸುಮ್ಮನೆ ಬಿಟ್ಟಿತು, ಈ ಒಂದೇ ಪ್ರಶ್ನೆಯ ಹಿಂದೆ ಅವಳ ವಯಸ್ಸೆಲ್ಲ ಹೋಯಿತು. ಹೋದ ವರ್ಷ ಅವಳ ಕೆಲಸದ ಸುದ್ದಿ ಪೇಪರಿನಲ್ಲಿ ಬಂತು, ಕ್ಯಾನ್ಸರ್ ಕಣವನ್ನು ಕೊಲ್ಲುವ ಒಂದು ದಾರಿ ಸಿಕ್ಕಿದೆ ಎಂದು. ಓಬಳೇಶಪ್ಪ ಅದನ್ನು ಚಾ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿದ. ಅಂಗಡಿಯಿಂದ ಆಚೆ ಬರುವಷ್ಟರಲ್ಲಿ ದಾರಿ ಹೋಗಿ ಮದ್ದಾಯಿತು. ಕುರಿ ಸಂತೆ ಮುಟ್ಟುವಷ್ಟರಲ್ಲಿ ಮದ್ದು ಹೋಗಿ ಇಂಜೆಕ್ಷನ್ ಆಯಿತು. ಹಗರಿಬೊಮ್ಮನಹಳ್ಳಿಯ ಬೀಗರಂತೂ ಅದು ಯಾವ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಎಂದು ಫೋನ್ ಮಾಡಿ ಕೇಳಿದರು.

ಇಂಥ ಮಗಳಿರುವಾಗ ಗಾದೆಮ್ಮ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದೇ? ಜನ ಏನಂದಾರು? ಭೂಮಿಕಾಳ ಮದ್ದು ಅವಳ ಮನೆಯವರಿಗೇ ನಾಟಲಿಲ್ಲ ಅನ್ನುವುದಿಲ್ಲವೇ? ಹೀಗೆ ಯೋಚಿಸಿ ಗಾದೆಮ್ಮ ಸುಮ್ಮನಾದಳು. ಫೋನಿನಲ್ಲಿ ಭೂಮಿಕಾ "ಹೆಂಗದಿ ಚಿಗವ್ವಾ?" ಎಂದರೆ "ಚೊಲೋ ಅದೀನವ್ವ" ಎನ್ನುತ್ತಿದ್ದಳು. ಹುಡುಗಿ ದೊಡ್ಡ ಕೆಲಸದಲ್ಲಿದ್ದಾಳೆ, ಅವಳಾಗಿ ಬಂದಾಗ ಮದ್ದು ತಂದೇ ತರುತ್ತಾಳೆ ಎಂದು ಕಾದಳು. ಮೆಕ್ಕೆಜೋಳದ ಕೊಯ್ಲು ಮುಗಿಯಿತು, ಚಳಿ ಬಂತು, ಗಾದೆಮ್ಮನ ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಅಷ್ಟೊತ್ತಿಗೆ ಗೀತಮ್ಮನ ತಾಳ್ಮೆಯೂ ಮುಗಿದಿತ್ತು. ಇವರನ್ನು ಕೇಳದೆ ಅವಳೇ ಬೆಂಗಳೂರಿಗೆ ಫೋನ್ ಹಚ್ಚಿದಳು.

ಮರುದಿನವೇ ಭೂಮಿಕಾ ಬಂದಳು. ಓಬಳೇಶಪ್ಪ ಬಸ್ಸಿನ ಹತ್ತಿರ ಹೋಗಿ ಅವಳ ಬ್ಯಾಗನ್ನು ಗಾಜಿನ ಸಾಮಾನಿದ್ದ ಹಾಗೆ ಎದೆಗವಚಿಕೊಂಡು ತಂದ. ಗಾದೆಮ್ಮ ಮುಖ ತೊಳೆದು, ಹೊಸ ಸೀರೆ ಉಟ್ಟು, ಬಾಗಿಲಲ್ಲಿ ಕೂತಿದ್ದಳು. ಅವಳಿಗೆ ಆ ಹೊತ್ತು ನಿಜಕ್ಕೂ ಸಂತೋಷವಾಗಿತ್ತು.

ಭೂಮಿಕಾ ಬ್ಯಾಗು ಬಿಚ್ಚಲಿಲ್ಲ. ಚಿಗವ್ವನ ಮುಖವನ್ನು ಬೆಳಕಿಗೆ ತಿರುಗಿಸಿ, ಮೊಬೈಲಿನ ಟಾರ್ಚ್ ಹಾಕಿ ಬಾಯೊಳಗೆ ನೋಡಿದಳು. ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅವಳ ಬೆರಳು ಒಂದು ಗಂಟಿನ ಮೇಲೆ ನಿಂತುಬಿಟ್ಟಿತು. ಗಾದೆಮ್ಮನಿಗೆ ಆಗಲೇ ಹೆದರಿಕೆಯಾಯಿತು.

"ಮದ್ದು ತಗಿಯವ್ವ," ಎಂದ ಓಬಳೇಶಪ್ಪ.

"ನನ್ನ ಹತ್ರ ಮದ್ದಿಲ್ಲ ಚಿಗಪ್ಪ."

"ಮರ್ತು ಬಂದಿಯೇನು?"

"ಇಲ್ಲ. ಇನ್ನೂ ಆಗೇ ಇಲ್ಲ."

ಓಬಳೇಶಪ್ಪನ ದನಿ ಏರಿತು. "ಹಂಗಾದ್ರ ಇಷ್ಟು ವರ್ಷ ಅಲ್ಲೇನ್ ಮಾಡ್ದಿ? ಪೇಪರಿನ್ಯಾಗ ಬಂದಿದ್ದು ಸುಳ್ಳೇನು?"

ಭೂಮಿಕಾ ನೆಲದ ಮೇಲೆ ಕೂತಳು. "ಸುಳ್ಳಲ್ಲ. ನಮ್ಮ ಮೈಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣ ಇರ್ತಾವ ಚಿಗಪ್ಪ. ಕೆಟ್ಟೋಗಿದ್ದು ತಾನಾ ಸಾಯಬೇಕು. ಸಾಯದಿದ್ರ ಮೈ ಕಾಯೋ ಬ್ಯಾರೆ ಕಣ ಅದಾವ, ಅವು ಬಂದು ಕೊಲ್ಲಬೇಕು. ಈ ರೋಗದ ಕಣ ಸಾಯಂಗೂ ಇಲ್ಲ, ಅವುಕ್ಕ ಸಿಗಂಗೂ ಇಲ್ಲ. ನೀನು ತಬ್ಬಲಿ ಮರಿಗೆ ಬ್ಯಾರೆ ಕುರಿ ಹಾಲು ಸವರಿ ಬಿಡ್ತಿಯಲ್ಲ, ಕುರಿ ಮೂಸಿ ನೋಡಿ ತನ್ನ ಮರಿ ಅಂತ ಮೊಲಿ ಕೊಡ್ತೈತಿ. ಹಂಗ ಇದೂ ನಾನು ನಿಮ್ಮದ ಅಂತ ನಂಬಿಸಿ ಒಳಗ ಬೆಳಿತೈತಿ. ಆ ಮೋಸ ಬಿಡಿಸೋದು ಹೆಂಗ ಅಂತ ನಾನು ಹುಡುಕ್ತಿರೋದು. ಇಲಿಯಾಗ ಒಂದಿಷ್ಟು ಸಿಕ್ಕೈತಿ. ಮನುಷ್ಯರಿಗೆ ಬರಾಕ ಎಷ್ಟು ವರ್ಷ ಬೇಕೋ. ಬರದೇನೂ ಹೋಗಬೌದು."

"ಮತ್ತ ದೊಡ್ಡಾಸ್ಪತ್ರಿಯಾಗ ಇಂಥ ಔಷಧಿ ಅದಾವ ಅಂತಾರಲ್ಲ?" ಎಂದಳು ಬಾಗಿಲ ಬಳಿ ಬಂದು ನಿಂತಿದ್ದ ಗೀತಮ್ಮ.

"ಕೆಲವು ಅದಾವ. ಎಲ್ಲಾರಿಗೂ ಹತ್ತಂಗಿಲ್ಲ. ಯಾರಿಗೆ ಕೊಡಬೇಕು ಅಂತ ತಿಳಿಯಾಕೂ ಮೊದ್ಲು ಆ ಚೂರು ಪರೀಕ್ಷಿನ ಆಗಬೇಕು. ಮೊದ್ಲು ಡಾಕ್ಟರು ನೋಡ್ಬೇಕು."

"ಚಾಕು ಹರಡಿಸ್ತೈತವ್ವ," ಎಂದ ಓಬಳೇಶಪ್ಪ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ನಿಮ್ಮಪ್ಪಗ..."

"ಅಪ್ಪಗ ಚಾಕು ಮುಟ್ಟೋಕಿಂತ ಮೊದ್ಲ ಹರಡಿತ್ತು. ನೀನು ಬರೆ ಹಾಕಿದ್ದು ಆ ಹರಡಿದ ಗಂಟಿಗ ಚಿಗಪ್ಪ. ನಿನಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತೈತಿ."

ಓಬಳೇಶಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ. ಗಾದೆಮ್ಮನಿಗೆ ಮಾತ್ರ ಇನ್ನೊಂದು ಮಾತು ಕೇಳಬೇಕಾಗಿತ್ತು. ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಭೂಮಿ, ನೀ ಮದ್ದು ಕೊಟ್ಟ ಇಲಿ ಎಲ್ಲಾ ಬದುಕಿದವೇನವ್ವ?"

"ಇಲ್ಲ ಚಿಗವ್ವ. ಗಡ್ಡೆ ಜೋಳದ ಕಾಳಿನಷ್ಟು ಇದ್ದಾಗ ಮದ್ದು ಕೊಟ್ಟವು ಸುಮಾರು ಬದುಕಿದವು. ಬೆಳೆದ ಮ್ಯಾಲೆ ಕೊಟ್ಟವು ಸತ್ವು. ಎರಡಕ್ಕೂ ಅದ ಮದ್ದು. ತಡ ಆಗಿತ್ತು, ಅಷ್ಟ."

ಹೇಳುತ್ತಾ ಅವಳ ಕಣ್ಣು ತುಂಬಿತು. ಪೇಪರಿನಲ್ಲಿ ಬಂದ ಹುಡುಗಿ, ಸನ್ಮಾನದ ಶಾಲು ಹೊದಿಸಿಕೊಂಡ ಹುಡುಗಿ, ಚಿಗವ್ವನ ಮಂಡಿಯ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. "ನಾ ಕಲಿತಿದ್ದರಾಗ ನಿನಗ ಕೊಡಾಕ ಇರೋದು ಇದೊಂದ ಮಾತು. ಕಾಯಬ್ಯಾಡ. ನನಗ ಕಾಯಬ್ಯಾಡ ಚಿಗವ್ವ."

ಗಾದೆಮ್ಮ ಅವಳ ತಲೆ ಸವರುತ್ತಾ ಕೂತಳು. ತಾನು ಕಾದ ದಿನಗಳೆಲ್ಲ ನೆನಪಾದವು. ಆಮೇಲೆ ಗಂಡನ ಕಡೆ ನೋಡಿ ಹೇಳಿದಳು, "ಏಳ್ರಿ. ಕುರಿನ ಓಣಿ ಜಂಬಣ್ಣಗ ಒಪ್ಪಿಸಿ ಬರ್ರಿ. ಬಸ್ಸು ಸಿಕ್ಕರ ಇವತ್ತ ಹೋಗೂಣು."

ಕೊಟ್ಟೂರಿನಿಂದ ಬಳ್ಳಾರಿಗೆ ಕಳಿಸಿದರು. ರೇಷನ್ ಕಾರ್ಡಿನ ಮೇಲೆ ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಆಗುವಂತೆ ಗೀತಮ್ಮ ಜೊತೆಗಿದ್ದು ಓಡಾಡಿದಳು. ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದೇ ಬಂತು. ಎಡಗೆನ್ನೆಯನ್ನೂ ಕೆಳದವಡೆಯ ಎಲುಬಿನ ಒಂದು ಭಾಗವನ್ನೂ ತೆಗೆದರು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್ ಕೊಟ್ಟರು. ಬಿಳಿ ಕಲೆ ಇದ್ದಾಗ ಬಂದಿದ್ದರೆ ಎಲುಬು ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ಕುತ್ತಿಗೆಯ ಗಂಟನ್ನೂ ತೆಗೆದಿದ್ದಾರೆ. ಅದು ಮತ್ತೆ ಬರುವುದಿಲ್ಲ ಎಂದು ಈಗಲೇ ಹೇಳಲಾಗುವುದಿಲ್ಲ, ತಪ್ಪದೆ ತೋರಿಸುತ್ತಿರಿ ಎಂದಿದ್ದಾರೆ. ಗಾದೆಮ್ಮ ಈಗ ಅಂಬಲಿ ಕುಡಿದು ಇದ್ದಾಳೆ. ಅವಳ ಮುಖ ಕಂಡು ಗುರುತಿಲ್ಲದ ಮಕ್ಕಳು ಹೆದರುತ್ತವೆ, ಅದು ಅವಳಿಗೆ ಗೊತ್ತಾಗುತ್ತದೆ.

ಮೊನ್ನೆ ಹೆಂಗಸರ ಸಂಘದ ಸಭೆಯಲ್ಲಿ ಗೀತಮ್ಮ ಎಲ್ಲರ ಬಾಯಿ ನೋಡಿದಳು. ಪಕ್ಕದ ಮನೆಯ ಶಿವಮ್ಮನ ಕೆನ್ನೆಯೊಳಗೆ ಬಿಳಿ ಕಲೆ ಇತ್ತು.

"ನೋವಿಲ್ಲ ಬಿಡವ್ವ," ಎಂದಳು ಶಿವಮ್ಮ. "ಭೂಮಿಕಾ ಬರ್ಲಿ, ಆಕಿಗ ತೋರಿಸ್ತೀನಿ."

ಮೂಲೆಯಲ್ಲಿ ಕೂತಿದ್ದ ಗಾದೆಮ್ಮ ಎದ್ದು ಬಂದಳು. ಸೆರಗು ತೆಗೆದು ತನ್ನ ಕೆನ್ನೆಯನ್ನು ಶಿವಮ್ಮನ ಮುಖದ ಮುಂದೆಯೇ ಹಿಡಿದಳು. ಏನೋ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ. ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಓಬಳೇಶಪ್ಪನಿಗೆ ಮಾತ್ರ ಆ ಮಾತು ಈಗ ಅಭ್ಯಾಸವಾಗಿದೆ.

"ನಾನೂ ಹಿಂಗ ಅಂದಿದ್ದೆ, ಅಂತಾಳವ್ವ," ಎಂದ ಅವನು.

ಶಿವಮ್ಮ ಮರುದಿನ ಬೆಳಗಿನ ಬಸ್ಸಿಗೆ ಗೀತಮ್ಮನ ಜೊತೆ ಹೋದಳು.

ಓದುವ ಅಕ್ಕ, ಕೇಳುವ ಅಣ್ಣ, ಈ ಕಥೆಯ ಚೀಟಿಯನ್ನು ಪಕ್ಕಕ್ಕಿಟ್ಟು ಒಮ್ಮೆ ಬಿಸಿಲಿಗೆ ಬನ್ನಿ. ಕನ್ನಡಿ ಹಿಡಿದು ಕೆನ್ನೆಯೊಳಗೆ, ನಾಲಿಗೆಯ ಅಡಿಯಲ್ಲಿ, ತುಟಿಯ ಹಿಂದೆ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಬಾಯಿ ಪೂರ್ತಿ ತೆರೆಯದಿರುವುದು, ಇದರಲ್ಲಿ ಒಂದು ಕಂಡರೂ ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬರೆ ಹಾಕಿಸಬೇಡಿ. ಪರೀಕ್ಷೆಗೆ ಚೂರು ತೆಗೆದರೆ ರೋಗ ಹರಡುತ್ತದೆ ಎಂಬುದು ಸುಳ್ಳು. ಕಡ್ಡಿಪುಡಿ, ಗುಟ್ಕಾ, ತಂಬಾಕು ಇವತ್ತೇ ಉಗುಳಿ. ಭೂಮಿಕಾಳಂಥವರು ಎಲ್ಲೋ ಕೂತು ನಮಗಾಗಿ ಹುಡುಕುತ್ತಿದ್ದಾರೆ, ಅವರು ಹುಡುಕಲಿ. ನೀವು ಅವರಿಗಾಗಿ ಕಾಯುತ್ತಾ ಕೂರಬೇಡಿ, ಎದ್ದು ಆಸ್ಪತ್ರೆಗೆ ನಡೆಯಿರಿ.