ಅರ್ಧ ತಾಸು ತಡವಾಗಿ ಬೀಳುವ ಎಲೆ

ಬ್ರಿಜ್ ಎಂಬ ಇಸ್ಪೀಟಾಟವನ್ನು ಇಂಟರ್‌ನೆಟ್ಟಿನಲ್ಲಿ ತೋರಿಸುವುದೆಂದರೆ ಕ್ಯಾಮೆರಾ ಇಟ್ಟು ಕೂರುವುದು ಎಂದುಕೊಂಡವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕ್ಯಾಮೆರಾ ಗೀಮೆರಾ ಏನೂ ಇಲ್ಲ. ಆಡುವವರ ಪಕ್ಕ ಒಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಯಾರು ಯಾವ ಎಲೆ ಎಸೆದರೆಂದು ಒಂದೊಂದನ್ನೂ ಒತ್ತಬೇಕು. ಒತ್ತಿದ್ದು ನೋಡುವವರ ಪರದೆಯ ಮೇಲೆ ಬೀಳುತ್ತದೆ. ಕಾಗವಾಡದ ಕ್ಲಬ್ಬಿನಲ್ಲಿ ಆ ಒಬ್ಬರು ನಾನು, ಪ್ರಾಜಕ್ತಾ. ವಾರವಿಡೀ ಬ್ಯಾಂಕಿನ ಕೌಂಟರಿನಲ್ಲಿ ಬೈಸಿಕೊಂಡು, ರವಿವಾರ ಇಲ್ಲಿ ಬಂದು ಬೈಸಿಕೊಳ್ಳುತ್ತೇನೆ.

ಬೈಯಲು ಕಾರಣಕ್ಕೇನು ಬರ? ಕರೆಂಟು ಹೋಗುತ್ತದೆ. ಇಂಟರ್‌ನೆಟ್ಟಿನ ಡಾಂಗಲ್ ನಮ್ಮ ಟವರ್ ಬಿಟ್ಟು ಮಹಾರಾಷ್ಟ್ರದ್ದನ್ನು ಹಿಡಿಯುತ್ತದೆ. ಕ್ಲಬ್ಬಿನ ಹಿರಿಯ ಆಟಗಾರ ಆಬಾಸಾಹೇಬರು ಎಲೆ ಎಸೆದು ನಾನು ನೋಡುವುದರೊಳಗೆ ಮಗುಚಿಬಿಡುತ್ತಾರೆ. ಯಾವುದು ಎಂದು ಕೇಳಿದರೆ "ಕಣ್ಣ ಎಲ್ಲಿಟ್ಟಿದ್ದಿ?" ಎಂದು ನನಗೇ ಜೋರು ಮಾಡುತ್ತಾರೆ. ಇಷ್ಟು ಸಾಲದು ಅಂತ, ಎರಡು ಸಾವಿರದ ಹದಿಮೂರರಲ್ಲಿ ಒಬ್ಬ ಪುಣ್ಯಾತ್ಮ ಹೊರಗೆ ನಿಂತು, ಮೊಬೈಲಿನಲ್ಲಿ ನಾಲ್ಕೂ ಜನರ ಎಲೆ ನೋಡಿ, ಕಿಟಕಿಯಿಂದ ತನ್ನ ದೋಸ್ತನಿಗೆ ಸನ್ನೆ ಮಾಡಿದ್ದ. ಆಮೇಲೆ ಕಮಿಟಿಯವರು ಒಂದು ನಿಯಮ ತಂದರು. ನಾನು ಒತ್ತಿದ ಎಲೆ ಅರ್ಧ ತಾಸು ತಡವಾಗಿಯೇ ಪರದೆಗೆ ಹೋಗಬೇಕು.

ಈ ಅರ್ಧ ತಾಸಿನ ಲೆಕ್ಕ ಜುಗೂಳದ ಸೋನಾಬಾಯಿ ಕಾಕುವಿನ ತಲೆಗೆ ಹೋಗಲೇ ಇಲ್ಲ. ಕಾಕು ನಮ್ಮ ತವರಿನ ಪಕ್ಕದ ಮನೆಯವಳು. ನನಗೆ ಎಲೆ ಹಿಡಿಯಲು ಕಲಿಸಿದವಳೂ ಆಕೆಯೇ. ಗಂಡ ಲಗಮಣ್ಣ ಕಾಕಾನ ಎದುರು ಜೋಡಿಯಾಗಿ ಕೂತು ಇಷ್ಟು ವರ್ಷ ಆಡಿದವಳು. ಎರಡು ಸಾವಿರದ ಹದಿನಾಲ್ಕರ ಚಳಿಗಾಲದಲ್ಲಿ ದ್ರಾಕ್ಷಿ ತೋಟದಲ್ಲಿ ಜಾರಿ ಕಾಲು ಮುರಿದುಕೊಂಡಳು. ಮೊದಲೇ ಹೃದಯದ ತ್ರಾಸು ಬೇರೆ. ಹಾಗಾಗಿ ಆ ವರ್ಷದ ಫೈನಲ್‌ನಲ್ಲಿ ಆಕೆಯ ಕುರ್ಚಿಯಲ್ಲಿ ಕಾಕಾನ ಗೆಳೆಯ ದುಂಡೇಶ ಕೂತ. ಕಾಕು ಮನೆಯಲ್ಲಿ ಒಬ್ಬಳೇ ಮಲಗಿ, ಟ್ಯಾಬ್ ನೋಡುತ್ತ, ನನಗೆ ಫೋನ್ ಮಾಡುತ್ತಿದ್ದಳು.

"ಏ ಪ್ರಾಜು, ಇವರು ಬದಾಮ ರಾಣಿ ಯಾಕ ಒಗದ್ರ ಬೇ? ತಡೀರಿ ಅನ್ನು!"

"ಕಾಕು, ಅದ ಆಗಿ ಅರ್ಧ ತಾಸಾತ್ರಿ."

"ಸುಳ್ಳ ಹೇಳಬ್ಯಾಡ. ಈಗ ನನ್ನ ಕಣ್ಣ ಮುಂದ ಒಗದ್ರು."

ಇಂಥವರಿಗೆ ಏನು ಹೇಳುವುದು!

ಮಧ್ಯಾಹ್ನ ಊಟವಾದ ಮೇಲೆ ಕೊನೆಯ ಆಟ. ದುಂಡೇಶನ ಎಲೆಗಳು ಮೇಜಿನ ಮೇಲೆ ತೆರೆದಿದ್ದವು. ಬ್ರಿಜ್‌ನ ಪದ್ಧತಿಯಂತೆ ಅವನು ಸುಮ್ಮನೆ ಕೂತಿದ್ದ. ಇಬ್ಬರ ಎಲೆಯನ್ನೂ ಕಾಕಾನೇ ಆಡಿಸುತ್ತಿದ್ದರು. ಎದುರಾಳಿಗಳು ಆಬಾಸಾಹೇಬರು ಮತ್ತು ಭರಮು. ಒಬ್ಬೊಬ್ಬರ ಬಳಿ ಐದೈದು ಎಲೆ ಉಳಿದಿದ್ದವು. ಆಗ ಕಾಕಾ ತಮ್ಮ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟು, "ಒಂದೀಟ ನೀರ ಕೊಡ್ರಿ" ಎಂದರು. ನೀರು ತರುವುದರೊಳಗೆ ಪಕ್ಕಕ್ಕೆ ವಾಲಿದರು.

ಎಲ್ಲರೂ ಸೇರಿ ಎತ್ತಿ ಆಬಾಸಾಹೇಬರ ಗಾಡಿಗೆ ಹಾಕಿದರು. ನಾವೆಲ್ಲ ಗಾಡಿಯ ಸುತ್ತ ನಿಂತು ಗಾಳಿ ಬೀಸಿದ್ದು, ಕೂಗಾಡಿದ್ದು, ದಾರಿ ಬಿಡಿಸಿದ್ದು ಇನ್ನೂ ಕಣ್ಣ ಮುಂದಿದೆ. ದುಂಡೇಶನೂ ಹತ್ತಿದ, ಗಾಡಿ ಮಿರಜಿನ ಆಸ್ಪತ್ರೆಯ ಕಡೆ ಹೋಯಿತು. ಉಳಿದವರು ಬೈಕುಗಳಲ್ಲಿ ಹಿಂದೆಯೇ ಹೋದರು.

ನಾನು ಒಬ್ಬಳೇ ಹಾಲ್‌ಗೆ ವಾಪಸ್ ಬಂದೆ. ಕಾಕಾನ ಕುರ್ಚಿ ಖಾಲಿ. ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟಿದ್ದ ನೋಡುವವರ ಪರದೆಯ ಮೇಲೆ ಮಾತ್ರ ಅವರು ಅರ್ಧ ತಾಸಿನ ಹಿಂದಿನ ಆಟವನ್ನು ನಿಶ್ಚಿಂತೆಯಿಂದ ಆಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ದುಂಡೇಶನ ಫೋನ್ ಬಂತು. "ಪ್ರಾಜಕ್ತಾ, ಅಣ್ಣಾ ಹೋದ್ರವಾ. ಹಾದ್ಯಾಗನ ಹೋದ್ರು." ಒಂದೇ ಉಸಿರಿಗೆ ಮುಂದಿನದನ್ನೂ ಹೇಳಿದ. "ಸೋನಾಬಾಯಿ ವೈನಿಗೆ ಫೋನಿನ್ಯಾಗ ಹೇಳಬ್ಯಾಡ. ಒಬ್ಬರ ಅದಾರ, ಎದಿ ಒಡಕೊಂಡಾರು. ನಾ ಡಾಕ್ಟರನ್ನ ಕರಕೊಂಡು ಸೀದಾ ಜುಗೂಳಕ್ಕ ಹೊಂಟೀನಿ. ನಾ ಮುಟ್ಟೂತನಾ ಆಟ ನಿಲ್ಲಬಾರದು. ನಿಂತ್ರ ಅವರು ಸಿಕ್ಕ ಸಿಕ್ಕವರಿಗೆ ಫೋನ್ ಹಚ್ಚತಾರ."

ಫೋನ್ ಇಟ್ಟೆ. ಅಳಲೂ ಪುರುಸೊತ್ತಿಲ್ಲ. ಇಷ್ಟರಲ್ಲೇ ಪರದೆಯ ಆಟವೂ ಆ ಐದು ಎಲೆಗೆ ಬಂದು ನಿಲ್ಲುತ್ತದೆ. ಮುಂದಿನದನ್ನು ನಾನೇ ಒತ್ತಿಬಿಡೋಣ ಎಂದು ಕಾಕಾನ ಎಲೆಗಳನ್ನು ತಿರುಗಿಸಿ ನೋಡಿದೆ. ಬೆವರಿಗೆ ಇನ್ನೂ ತೇವವಾಗಿದ್ದವು. ಬೆರಳು ಇಡಬೇಕು, ಆಗ ಹೊಳೆಯಿತು. ನಾನು ಈಗ ಒತ್ತಿದರೆ ಕಾಕುವಿಗೆ ಕಾಣುವುದು ಅರ್ಧ ತಾಸಿನ ಮೇಲೆ! ಆ ನಿಯಮ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಎಲೆಗಳನ್ನು ಅಲ್ಲೇ ಇಟ್ಟೆ.

ದುಂಡೇಶ ಮತ್ತೆ ಫೋನ್ ಮಾಡಿದ. ದಾರಿಯಲ್ಲಿ ಕಬ್ಬಿನ ಟ್ರೇಲರ್ ಪಲ್ಟಿಯಾಗಿತ್ತಂತೆ. ಅವನು ಅಲ್ಲಿ ಹಾರ್ನ್ ಹೊಡೆಯುತ್ತಿದ್ದಾಗಲೇ ಇಲ್ಲಿ ಪರದೆ ನಿಂತಿತು. ಐದೈದು ಎಲೆ.

ಕಾಕುವಿನ ಫೋನ್. "ಯಾಕ ನಿಂತೈತಿ?"

"ವಿಚಾರ ಮಾಡಾಕತ್ತಾರ್ರಿ ಕಾಕು." ಎಂದು ಸುಳ್ಳು ಹೇಳಿದೆ.

"ಹಾಂ, ಒಗದ್ರು! ಇಸ್ಪೀಟ ಏಳು."

ಹೌದು, ಪರದೆಯ ಮೇಲೆ ಇಸ್ಪೀಟ್ ಏಳು ಬಿದ್ದಿತ್ತು. ಕಾಕಾನ ಇಸ್ಪೀಟ್ ಏಳು ನನ್ನ ಮುಂದೆ ಮೇಜಿನ ಮೇಲೆಯೇ ಇತ್ತು. ಹಿಂದೆಯೇ ಆಬಾಸಾಹೇಬರ ಎಲೆ ಬಿತ್ತು, ದುಂಡೇಶನದು, ಭರಮುನದು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ, ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಈಗ ಕಾಣುವುದು ಅರ್ಧ ತಾಸಿನ ಹಿಂದೆ ಒತ್ತಿದ್ದು. ಅರ್ಧ ತಾಸಿನ ಹಿಂದೆ ನಾವೆಲ್ಲ ಹೊರಗೆ ಗಾಡಿಯ ಹತ್ತಿರ ಇದ್ದೆವು. ಈ ಹಾಲ್‌ನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಎಲೆಗಳು ನಿಧಾನವಾಗಿ ಬೀಳುತ್ತಲೇ ಹೋದವು. ಕಾಕು ಫೋನ್ ಇಡದೆ ಒಂದೊಂದನ್ನೂ ಹೊಗಳುತ್ತಿದ್ದಳು. "ನೋಡ ಬೇ, ಹೆಂಗ ಆಡ್ತಾರ! ಇಂಥಾ ಆಟ ನನ್ನ ಕೂಡಿದ್ದಾಗನೂ ಆಡಿಲ್ಲ."  ಲ್ಯಾಪ್‌ಟಾಪ್ ಮುಚ್ಚಿ ಓಡಿಹೋಗಬೇಕು ಅನ್ನಿಸಿತು. ಮುಚ್ಚಲಿಲ್ಲ.

ಕೊನೆಗೆ ಒಂದೇ ಎಲೆ ಉಳಿಯಿತು. ಆಟ ಅಲ್ಲಿಗೆ ನಿಂತುಬಿಟ್ಟಿತು.

ಕಾಕು ನಕ್ಕಳು. "ಕೈಯಾಗ ಇರೂದ ಒಂದ ಎಲಿ. ಅದಕ್ಕೂ ಏನ ವಿಚಾರ ಮಾಡ್ತಾರ ಈ ಮನಶ್ಯಾ?"

ಒಂದೇ ಎಲೆ ಉಳಿದಾಗ ಯಾರೂ ಯೋಚಿಸುವುದಿಲ್ಲ. ಆರಿಸಲು ಏನೂ ಇರುವುದಿಲ್ಲ, ಎಸೆದು ಎದ್ದು ಹೋಗುವುದಷ್ಟೇ. ಕಾಕಾ ಅದನ್ನು ಹಿಡಿದೇ ಕೂತರು. ದುಂಡೇಶ ಇನ್ನೂ ದಾರಿಯಲ್ಲೇ ಇದ್ದ. ಯಾತಕ್ಕೆಂದು ನನಗೆ ತಿಳಿಯಿತು, ಕಣ್ಣೀರು ದಳದಳ ಸುರಿಯಿತು. ಕಾಕು ಬೈದಳು, ನಕ್ಕಳು, ನೀರು ಕುಡಿದಳು. ಎಲೆ ಬೀಳಲಿಲ್ಲ.

ಬಹಳ ಹೊತ್ತಾದ ಮೇಲೆ ಫೋನಿನಲ್ಲಿ ಗಾಡಿಯ ಸಪ್ಪಳ ಕೇಳಿಸಿತು. ಬಾಗಿಲು ಕಿರ್ರೆಂದಿತು. "ವೈನೀ..." ದುಂಡೇಶನ ದನಿ.

ಪರದೆಯ ಮೇಲೆ ಕೊನೆಯ ಎಲೆ ಬಿತ್ತು.

"ಗೆದ್ರು!" ಎಂದಳು ಕಾಕು. ಆಮೇಲೆ ದನಿ ಬದಲಾಯಿತು. "ಪ್ರಾಜು, ದುಂಡೇಶ ಇಲ್ಲೆ ಬಾಗಲಾಗ ನಿಂತಾನಲ್ಲ. ಮತ್ತ ಅಲ್ಲೆ ಇವರ ಎದುರ ಕುಂತಾವ್ರು ಯಾರ?"

"ಕಾಕು," ಎಂದೆ, "ಫೋನ್ ದುಂಡೇಶನ ಕೈಯಾಗ ಕೊಡ್ರಿ."