ಪರದೆ ಮುಂದಿನ ಹಾಡು

ನಾಟಕದಲ್ಲಿ ಅರಮನೆ ಹೋಗಿ ಕಾಡು ಬರಬೇಕಾದರೆ ಹೊತ್ತು ಹಿಡಿಯುತ್ತದೆ. ಹಿಂದೆ ಕಂಬಗಳನ್ನು ಎಳೆದು ಮರಗಳನ್ನು ನಿಲ್ಲಿಸುವವರೆಗೂ ಪರದೆ ಬಿಟ್ಟು, ಅದರ ಮುಂದೆ ಯಾರಾದರೂ ಹಾಡಿ ನಗಿಸುತ್ತಿರಬೇಕು. ನಮ್ಮ ಕಂಪನಿಯಲ್ಲಿ ಆ ಕೆಲಸ ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಪದ ಗುನುಗುತ್ತಿದ್ದ ನನ್ನನ್ನು ಕಂಪನಿಗೆ ಕರೆತಂದವರೂ ಅವರೇ. "ಕಾಡು ಬರೋದು ತಡ ಆಗ್ತಿದೆ ಕಣೋ, ಇನ್ನೆರಡು ನುಡಿ ಹೊಸೆದು ಕೊಡು" ಎಂದು ಅವರು ಕೇಳಿದ್ದರಿಂದಲೇ ನನ್ನ ಬರವಣಿಗೆ ಶುರುವಾಯಿತು. ಆಮೇಲೆ ಇಡೀ ನಾಟಕಗಳನ್ನೇ ಬರೆದೆ.

ಅಂಥದೊಂದು ನಾಟಕ ಸಿನಿಮಾ ಆಗುವುದೆಂದಾಯಿತು. ಚಿತ್ರಕಥೆಯನ್ನೂ ನಾನೇ ಬರೆದೆ. ಕೈಗೆ ಹತ್ತಿದ ರೂಢಿ, ಪರದೆ ಮುಂದಿನ ಹಾಡನ್ನೂ ಸೇರಿಸಿಬಿಟ್ಟಿದ್ದೆ. ನಿರ್ದೇಶಕರು ಓದಿ ನಕ್ಕರು.

"ಮೇಷ್ಟ್ರೇ, ಸಿನಿಮಾದಲ್ಲಿ ಕಾಡು ಅಂದ್ರೆ ಕಾಡು ಬಂತು. ನಮ್ಮ ಹತ್ರ ಕತ್ತರಿ ಇದೆಯಲ್ಲ! ಈ ಮನುಷ್ಯ ಯಾಕೆ ಬಂದು ಹಾಡ್ತಾನೆ?"

ಅವರು ಹೇಳಿದ್ದು ಸರಿಯೇ. ಆದರೆ ಹಾಡು ಹೋದರೆ ಭಾವನೂ ಹೋದಂತೆ. ಅವರಿಗೆ ಬೇರೆ ಪಾತ್ರವಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕಂಪನಿಯೂ ಅವರನ್ನು ಕರೆಯುತ್ತಿರಲಿಲ್ಲ. ಒಂದೇ ಒಂದು ಸಲ ಅವರನ್ನು ತೆರೆಯ ಮೇಲೆ ಕಾಣಬೇಕೆಂದು ನಾನು ಆಸೆಪಟ್ಟಿದ್ದೆ.

ವಿಷಯ ತಿಳಿಸಿದಾಗ ಭಾವ, "ಹೋಗ್ಲಿ ಬಿಡೋ ಬಾಮೈದ. ಊಟಕ್ಕಾದ್ರೂ ಕರೀತಾರಾ ಕೇಳು" ಎಂದರು. ಅಕ್ಕ ಮಾತ್ರ ಒಳಗೆ ಹೋಗಿ, ಸಿನಿಮಾಕ್ಕೆಂದು ಮಡಿಸಿಟ್ಟಿದ್ದ ಅವರ ಹೊಸ ಅಂಗಿಯನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದಳು.

ಊಟಕ್ಕೆಂದೇ ಚಿತ್ರೀಕರಣಕ್ಕೆ ಕರೆದುಕೊಂಡು ಹೋದೆ. ಬಯಲಿನಲ್ಲಿ ಸಂತೆಯ ದೃಶ್ಯ. ಸುತ್ತಲಿನ ರೈತರನ್ನು ಕರೆಸಿ ಕೂರಿಸಿದ್ದರು. ನಾಯಕಿಯನ್ನು ಮುದುಕಿ ಮಾಡಬೇಕಿತ್ತು. ಬಣ್ಣದವನು ಸುಕ್ಕು ಅಂಟಿಸಿದಂತೆಲ್ಲ ಅದು ಬೆವರಿಗೆ ಕಳಚುತ್ತಿತ್ತು. ಬಿಸಿಲು ವಾಲತೊಡಗಿತು. ಒಬ್ಬ ಎದ್ದು ನಿಂತ.

"ಹಾಲು ಕರೆಯೋ ಹೊತ್ತಾಯ್ತು ಸ್ವಾಮಿ. ನಿಮ್ಮ ಮುದುಕಿ ಬರೋಷ್ಟರಲ್ಲಿ ನನ್ನ ಹೆಂಡ್ತಿ ಮುದುಕಿ ಆಗ್ತಾಳೆ."

ಅವನ ಹಿಂದೆ ಮಿಕ್ಕವರೂ ಮೈ ಕೊಡವಿಕೊಂಡು ಎದ್ದರು. ಕೈಮುಗಿದರೂ ಕೇಳುವವರಿಲ್ಲ. ನಿರ್ದೇಶಕರ ಮುಖ ಸಪ್ಪಗಾಯಿತು.

ಮರದ ಕೆಳಗಿದ್ದ ಭಾವ ಎದ್ದರು. ಯಾರೂ ಹೇಳಿರಲಿಲ್ಲ. ಹಿಂದೆ ಸಿದ್ಧತೆ ನಡೆಯುತ್ತಿದೆ, ಮುಂದೆ ಜನ ಏಳುತ್ತಿದ್ದಾರೆ. ಅವರಿಗೆ ಅಷ್ಟೇ ಸಾಕಾಗಿತ್ತು. ಕುಂಟುತ್ತ ನಡುವೆ ಬಂದು ಹಾಡು ಎತ್ತಿಕೊಂಡರು. ಒದೆಯುವ ಹಸುವಿಗೆ ಗಂಡಹೆಂಡಿರು ಬುದ್ಧಿ ಹೇಳುವ ಹಾಡು ಅದು. ಗಂಡನಿಗೊಂದು ದನಿ, ಹೆಂಡತಿಗೊಂದು, ಹಸುವಿಗೆ ಮುಖಭಾವವೊಂದೇ.

ಮೊದಲು ಎದ್ದಿದ್ದ ರೈತ ಹಾಗೇ ಕುಕ್ಕರಿಸಿದ. "ನಮ್ಮನೆ ಕೆಂಪೀನೇ ಕಣ್ರೋ!" ಎಂದು ಕೂಗಿದ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನಿರ್ದೇಶಕರು ಕ್ಯಾಮೆರಾದವನ ಭುಜ ತಟ್ಟಿದರು; ಕ್ಯಾಮೆರಾ ಭಾವನತ್ತ ಹೊರಳಿತು.

ಹಾಡು ಮುಗಿಯುವ ಹೊತ್ತಿಗೆ ನಿರ್ದೇಶಕರು ನನ್ನ ಪಕ್ಕ ಬಂದು ನಿಂತಿದ್ದರು. "ಮೇಷ್ಟ್ರೇ, ಸಂತೇಲಿ ಹಸು ಮಾರೋಕೆ ಬಂದವನು ಅಂತ ಬರೆದುಬಿಡಿ. ಈ ನಗು ನಾನು ದುಡ್ಡು ಕೊಟ್ರೂ ಹುಟ್ಟಲ್ಲ."

ಭಾವನ ಬಳಿಗೆ ಓಡಿದೆ. ಉಸಿರಿಗಾಗಿ ತಿಣುಕುತ್ತಿದ್ದರು.

"ಸಿನಿಮಾದಲ್ಲಿ ಇದ್ದೀರಿ ಭಾವ!"

"ಅದಕ್ಯಾಕೋ ಅಳ್ತೀಯ? ಆ ಹುಡುಗಿ ಮುದುಕಿ ಆದ್ಳಾ ನೋಡು ಮೊದ್ಲು. ನಂಗೆ ಇನ್ನು ಉಸಿರಿಲ್ಲ."

ತೋಳು ಹಿಡಿದು ಕುರ್ಚಿಗೆ ಕರೆತಂದೆ. ಬೆವರಿಗೆ ತೊಯ್ದಿದ್ದ ಆ ತೋಳನ್ನು ಬಿಡಲು ಬಹಳ ಹೊತ್ತು ಮನಸ್ಸು ಬರಲಿಲ್ಲ.